ಸಹಾಯ ಬೇಕು: ಗದ್ದಲದಲ್ಲಿ ಅಪ್ಪನಿಗೆ ಮಾತು ಸಿಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾವು ಸೋಮವಾರಪೇಟೆ ಕಡೆಯವರು. ಅಪ್ಪನಿಗೆ 71 ವರ್ಷ. ಎರಡೂ ಕಿವಿಗೆ ಮೆಷಿನ್ ಹಾಕಿಸಿದ್ದೇವೆ. ಒಬ್ಬರೇ ಮಾತಾಡಿದರೆ, ಹೆಂಚಿನ ಮೇಲೆ ಜಡಿಮಳೆ ಇಲ್ಲದಿದ್ದರೆ, ಚೆನ್ನಾಗಿ ಕೇಳುತ್ತದೆ. ಆದರೆ ಹುತ್ತರಿಗೆ ನೆಂಟರೆಲ್ಲ ಸೇರಿ ನಾಲ್ಕು ಜನ ಒಟ್ಟಿಗೆ ಮಾತಾಡಿದಾಗ ಅಪ್ಪ ಸುಮ್ನೆ ಎದ್ದು ಹೋಗಿ ಕಾಫಿ ಕಣದ ಹತ್ತಿರ ಕೂತರು. "ಶಬ್ದ ಕೇಳುತ್ತೆ, ಮಾತು ಸಿಗಲ್ಲ" ಅಂದರು. ತುಂಬಾ ಸಂಕಟವಾಯಿತು.

ಆಮೇಲೆ ಇದರ ಬಗ್ಗೆ ಓದಿದೆ. 1953ರಲ್ಲಿ ಕಾಲಿನ್ ಚೆರಿ ಎಂಬ ವಿಜ್ಞಾನಿ ಒಂದೊಂದು ಕಿವಿಗೆ ಒಂದೊಂದು ಮಾತು ಕೇಳಿಸಿ ನೋಡಿದ್ದರು. ಒಂದು ಕಿವಿಯ ಮಾತಿಗೇ ಗಮನ ಕೊಟ್ಟು ಅದನ್ನು ಹಾಗೇ ಹೇಳುತ್ತಿದ್ದವರಿಗೆ ಇನ್ನೊಂದು ಕಿವಿಯಲ್ಲಿ ಭಾಷೆಯೇ ಬದಲಾದರೂ ತಿಳಿಯುತ್ತಿರಲಿಲ್ಲ! ಮಾತು ಬಂದ ದಿಕ್ಕು, ದನಿಯ ಏರಿಳಿತ, ತುಟಿಯ ಚಲನೆ, ಮುಂದೆ ಯಾವ ಪದ ಬರಬಹುದು ಅನ್ನುವ ಅಂದಾಜು, ಇದೆಲ್ಲ ಸೇರಿಸಿ ಮಿದುಳು ಬೇಕಾದ ದನಿಯನ್ನು ಬಿಡಿಸಿಕೊಳ್ಳುತ್ತದೆ. ವಯಸ್ಸಾದಂತೆ ಆ ಕೆಲಸ ಕಷ್ಟವಾಗುತ್ತದೆ. ಮೆಷಿನ್ ಶಬ್ದ ಜಾಸ್ತಿ ಮಾಡುತ್ತದೆ, ಆದರೆ ಅಪ್ಪನಿಗೆ ಯಾರ ಮಾತು ಬೇಕು ಅಂತ ಅದಕ್ಕೇನು ಗೊತ್ತು, ಅಲ್ವಾ?

ಮಾತಾಡುವವರ ಅಂಗಿಗೆ ಸಿಕ್ಕಿಸಿ ದನಿಯನ್ನು ನೇರ ಮೆಷಿನ್‌ಗೆ ಕಳಿಸುವ ಮೈಕ್ ಯಾರಾದರೂ ಬಳಸಿದ್ದೀರಾ? ಮನೆ ತುಂಬ ಜನ ಇದ್ದಾಗ ಉಪಯೋಗವಾಯಿತಾ? ಗದ್ದಲದ ನಡುವೆ ಮಾತು ಎಷ್ಟು ಅರ್ಥವಾಗುತ್ತದೆ ಎಂದು ನೋಡುವ ಪರೀಕ್ಷೆ ಮಡಿಕೇರಿಯಲ್ಲಿ ಎಲ್ಲಾದರೂ ಮಾಡುತ್ತಾರಾ? ಇಲ್ಲ, ಮೈಸೂರಿನ ವಾಕ್ ಶ್ರವಣ ಸಂಸ್ಥೆಗೇ ಹೋಗಬೇಕಾ? ಹೋಗಿ ಬಂದವರು ದಯವಿಟ್ಟು ತಿಳಿಸಿ. ಮೆಷಿನ್ ಕೊಟ್ಟವರು "ವಯಸ್ಸಾಯ್ತಲ್ಲ" ಅಂತ ಹೇಳಿ ಕಳಿಸಿಬಿಟ್ಟರು.