ಪಿ.ಟಿ. ಪೀರಿಯಡ್ ಪ್ರತಿ ವಾರ ಗಣಿತಕ್ಕೇ ಹೋಗುತ್ತಿದೆ, ಏನು ಮಾಡೋದು?

ತೋಟದಮನೆ, ಶಿರಸಿ

ಮಗಳು ಒಂಬತ್ತನೇ ಕ್ಲಾಸು. ಅವಳ ಟೈಮ್‌ಟೇಬಲ್ ಅಡುಗೆಮನೆ ಬಾಗಿಲ ಹಿಂದೆ ಅಂಟಿಸಿದೆ. ಬುಧವಾರ, ಶುಕ್ರವಾರದ ಕೊನೇ ಪೀರಿಯಡ್ಡಿಗೆ ಹಸಿರು ಸ್ಕೆಚ್ ಪೆನ್ನಲ್ಲಿ ‘ಪಿ.ಟಿ.’ ಅಂತ ಬರೆದು ಪಕ್ಕದಲ್ಲೊಂದು ಚೆಂಡು ಬಿಡಿಸಿದ್ದಳು. ಮೊನ್ನೆ ನೋಡಿದರೆ ಎರಡೂ ಚೆಂಡಿನ ಮೇಲೆ ಪೆನ್ಸಿಲ್ಲಲ್ಲಿ ‘ಗಣಿತ’ ಅಂತ ಬರೆದಿದ್ದಾಳೆ. ಕೇಳಿದರೆ, "ಜೂನ್‌ನಿಂದ ಒಂದೇ ಸಲ ಗ್ರೌಂಡಿಗೆ ಬಿಟ್ಟಿದ್ದು ಅಮ್ಮಾ. ಒಂದಿನ ಮಳೆ ಅಂತಾರೆ, ಮಳೆ ಇಲ್ಲದಿದ್ದರೆ ಪೋರ್ಷನ್ ಅಂತಾರೆ" ಅಂದಳು.

ಬೆಳಿಗ್ಗೆ ಏಳೂಮುಕ್ಕಾಲಿಗೆ ಬಸ್ಸು. ಟ್ಯೂಷನ್ ಮುಗಿಸಿ ಬರುವಾಗ ಸಂಜೆ ಆರೂವರೆ. ಬಸ್‌ಸ್ಟಾಪಿನಿಂದ ಮನೆಗೆ ಒಂದೂವರೆ ಕಿಲೋಮೀಟರ್, ನಮ್ಮನೆಯವರು ಬೈಕಿನಲ್ಲಿ ಕರೆತರುತ್ತಾರೆ. ಕಳೆದ ವಾರ ಬೈಕು ಕೆಟ್ಟು ನಡೆದೇ ಬಂದಳು. ಮನೆ ಹತ್ತಿರದ ಏರು ಹತ್ತುವಾಗ ಎರಡು ಸಲ ನಿಂತು ಉಸಿರು ಎಳೆದುಕೊಂಡಳು. ಅರವತ್ತೆಂಟು ವರ್ಷದ ನಮ್ಮ ಅತ್ತೆ ಅದೇ ಏರನ್ನು ದರಕಿನ (ಒಣ ಎಲೆಯ) ಹೆಡಿಗೆ ಹೊತ್ತು ಹತ್ತುತ್ತಾರೆ.

"ನಾವೆಲ್ಲ ಯಾವ ಪಿ.ಟಿ. ಮಾಡಿದ್ದು?" ಅಂತ ಅತ್ತೆಯ ವಾದ. ಹೌದು, ಆದರೆ ಅವರು ಸೊಪ್ಪಿನ ಬೆಟ್ಟಕ್ಕೆ ದಿನಾ ಹೋಗುತ್ತಿದ್ದವರು. ನಮ್ಮವಳು ತೋಟಕ್ಕೆ ಇಳಿಯೋದು ಫೋಟೋ ತೆಗೆಯಲಿಕ್ಕೆ.

ಶಾಲೆಯಲ್ಲಿ ಹೋಗಿ ಕೇಳಿದರೆ ‘ತಕರಾರಿನ ಪಾಲಕರು’ ಅಂತ ಹೆಸರು ಬರುತ್ತಾ? ಮತ್ತೆ ಈ ಮಳೆಯಲ್ಲಿ ಮನೆಯಲ್ಲೇ ಏನಾದರೂ ಮಾಡಿಸಬಹುದಾ?

ಕಾಳಿ ಸೇತುವೆ, ಕಾರವಾರ

ಕಡಲು ಪಕ್ಕದಲ್ಲೇ ಇದ್ದರೂ ನಮ್ಮ ಮಕ್ಕಳದ್ದೂ ಇದೇ ಕತೆ. ಸಂಜೆ ಠಾಗೋರ್ ಬೀಚಿಗೆ ಬಂದು ನೋಡಿ. ಬೀಸುಗೈಯಲ್ಲಿ ನಡೆಯುವವರೆಲ್ಲ ನನ್ನ ಥರ ಶುಗರ್ ಬಂದವರು. ಮಕ್ಕಳು ಟ್ಯೂಷನ್‌ನಲ್ಲಿರುತ್ತಾರೆ.

ಆದರೂ ಒಂದು ಮಾತು. ಒಂಬತ್ತು, ಹತ್ತು ಎರಡು ವರ್ಷ ಓದಲಿ ಬಿಡಿ. ಆಟ ಎಲ್ಲಿಗೆ ಓಡಿ ಹೋಗುತ್ತೆ? ಆಮೇಲೆ ಆಡಿದರಾಯ್ತು.

ಹಳೇ ಸೀಟಿ, ಕುಮಟಾ

ಕಾರವಾರದವರೇ, ಆಮೇಲೆ ಬೀಚಿಗೆ ಬರುವವರು ಯಾರು ಅಂತ ನೀವೇ ಹೇಳಿದಿರಲ್ಲ!

ತಂಗೀ, ನಾನು 31 ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಗಣಿತದವರನ್ನು ಬೈಯಬೇಡಿ. ಎಸ್ಸೆಸ್ಸೆಲ್ಸಿಯ 625 ಅಂಕದಲ್ಲಿ ನನ್ನ ಪೀರಿಯಡ್ಡಿಗೆ ಒಂದೂ ಇಲ್ಲ. ರಿಸಲ್ಟ್ ಬಂದ ದಿನ ಅವರನ್ನು ಕರೆದು ಕೇಳುತ್ತಾರೆ, ನನ್ನನ್ನಲ್ಲ. ಹಾಗಾಗಿ ಜನವರಿ ಬಂತು ಅಂದರೆ ನಾನೇ ಪೀರಿಯಡ್ ಬಿಟ್ಟುಕೊಟ್ಟು ಸ್ಟಾಫ್ ರೂಮಿನಲ್ಲಿ ಚಾ ಕುಡಿದದ್ದಿದೆ.

ಅದಕ್ಕಿಂತ ದೊಡ್ಡ ತಪ್ಪು ಬೇರೆ. ನನಗೆ ವಲಯ ಮಟ್ಟ, ತಾಲೂಕು ಮಟ್ಟದ ಕಪ್ಪಿನ ಹುಚ್ಚು. ಖೋಖೋಗೆ ಅಂಕಣದಲ್ಲಿ ಒಂಬತ್ತು ಜನ, ಜೊತೆಗೆ ಬದಲಿ ಆಟಗಾರರು. ಹನ್ನೆರಡು ಚುರುಕಿನ ಹುಡುಗಿಯರನ್ನು ಆರಿಸಿಕೊಂಡು ಅವರಿಗೇ ಆಡಿಸುತ್ತಿದ್ದೆ. ಕ್ಲಾಸಿನ ಉಳಿದ ಮೂವತ್ತು ಮಕ್ಕಳು ಮಾವಿನ ಮರದ ಕೆಳಗೆ. ಆಡುವವರ ವಾಚು, ಬಳೆ, ಚಪ್ಪಲಿ ಕಾಯೋದು ಅವರ ಕೆಲಸ. ಒಬ್ಬಳು ಇದ್ದಳು, ಸ್ವಲ್ಪ ದಪ್ಪ, ಮಾತು ಕಡಿಮೆ. ಒಂದು ದಿನ ಮೊಣಕೈವರೆಗೂ ಬೇರೆಯವರ ಬಳೆ ಹಾಕಿಕೊಂಡು ಬಂದು, "ಸರ್, ನಾನು ಆಡೋದು ಯಾವಾಗ?" ಅಂತ ಕೇಳಿದಳು. "ನಾಳೆ" ಅಂದೆ. ಆ ನಾಳೆ ಬರಲೇ ಇಲ್ಲ, ಅವಳು ಹತ್ತು ಮುಗಿಸಿ ಹೋದಳು. ನಾನು ಗೆದ್ದ ಕಪ್ಪುಗಳು ಯಾವ ಕಪಾಟಿನಲ್ಲಿವೆಯೋ ನೆನಪಿಲ್ಲ. ಆ ಕೈ ನೆನಪಿದೆ.

ಪಿ.ಟಿ. ನಿಜಕ್ಕೂ ಬೇಕಾಗಿದ್ದು ಮರದ ಕೆಳಗೆ ಕೂತವರಿಗೆ. ಚುರುಕಿನವರು ಹೇಗೂ ಓಡುತ್ತಾರೆ. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆಚ್ಚಗಾಗುವಷ್ಟು ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರದಲ್ಲಿ ಮೂರು ದಿನವಾದರೂ ಎದೆ ಬಡಿತ ಜೋರಾಗುವಂಥದ್ದು, ಮೂಳೆ-ಸ್ನಾಯು ಗಟ್ಟಿಯಾಗುವಂಥದ್ದು ಇರಬೇಕು. ಮೂಳೆಗೆ ಗಟ್ಟಿತನ ಕೂಡುವುದು ಈ ವಯಸ್ಸಿನಲ್ಲೇ ಜಾಸ್ತಿ. ಹಾರುವಾಗ, ಜಿಗಿಯುವಾಗ ಕಾಲಿಗೆ ಬೀಳುವ ಭಾರವೇ ಅದಕ್ಕೆ ಮದ್ದು. ಇನ್ನು ಓದಿನ ಮಾತು. ಆಡಿ ಬೆವರಿ ಬಂದ ಮಕ್ಕಳು ಆಮೇಲಿನ ಪೀರಿಯಡ್ಡಿನಲ್ಲಿ ಪಾಠದ ಮೇಲೆ ಗಮನ ಇಟ್ಟು ಕೂರುತ್ತಾರೆ. ಅದಕ್ಕೇ ಪಿ.ಟಿ.ಯನ್ನು ಕೊನೇ ಪೀರಿಯಡ್ಡಿಗೆ ಹಾಕೋದು ದಂಡ ಅಂತ ನನ್ನ ಅಭಿಪ್ರಾಯ. ಗಣಿತಕ್ಕಿಂತ ಮುಂಚೆ ಹಾಕಬೇಕು.

ಕೇಳುವ ರೀತಿ ಹೇಳುತ್ತೇನೆ. ಒಬ್ಬರೇ ಹೋಗಬೇಡಿ. ಪಾಲಕರ ಸಭೆಗೆ ನಾಲ್ಕೈದು ಜನ ಸೇರಿ ಹೋಗಿ. "ಎರಡೂ ಪೀರಿಯಡ್ ಯಾಕೆ ತಿಂದಿರಿ" ಅನ್ನಬೇಡಿ. "ಒಂದನ್ನಾದರೂ ಉಳಿಸಿಕೊಡಿ, ಎಲ್ಲ ಮಕ್ಕಳೂ ಆಡುವ ಹಾಗೆ" ಅನ್ನಿ. ಆ ‘ಎಲ್ಲ’ವನ್ನು ಸ್ವಲ್ಪ ಒತ್ತಿ ಹೇಳಿ.

ಮಳೆಗಾಲಕ್ಕೆ ಮನೆಯ ಜಗಲಿ ಸಾಕು. ಹಗ್ಗದ ನಡುವೆ ನಿಂತು ಎರಡೂ ತುದಿ ಎತ್ತಿದರೆ ಕಂಕುಳ ತನಕ ಬರಬೇಕು, ಅದು ಸ್ಕಿಪ್ಪಿಂಗ್‌ಗೆ ಸರಿಯಾದ ಅಳತೆ. ಒಂದು ನಿಮಿಷ ಹಾರೋದು, ಒಂದು ನಿಮಿಷ ಸುಮ್ನೆ ನಡೆಯೋದು, ಹೀಗೆ ಐದು ಸಲ. ನಡುನಡುವೆ ಹತ್ತು ಬಸ್ಕಿ. ಮತ್ತೆ ಆ ಬೈಕು ರಿಪೇರಿಯಾಗದಿದ್ದರೆ ಒಳ್ಳೇದು. ಒಂದೂವರೆ ಕಿಲೋಮೀಟರ್ ಅಂದರೆ ಇಪ್ಪತ್ತು ನಿಮಿಷ. ಹೋಗಿ ಬಂದರೆ ನಲವತ್ತು, ದಿನದ ಲೆಕ್ಕದಲ್ಲಿ ಮೂರರಲ್ಲಿ ಎರಡು ಪಾಲು ಅಲ್ಲೇ ಮುಗಿಯಿತು.

ಶರಾವತಿ ದಂಡೆ, ಹೊನ್ನಾವರ

ನಾನು ನರ್ಸ್. ಅಕ್ಕಾ, ಏರಿನಲ್ಲಿ ಎರಡು ಸಲ ನಿಂತಳು ಅಂದಿರಲ್ಲ, ಅದನ್ನು ಬರೀ ಅಭ್ಯಾಸ ಇಲ್ಲ ಅಂತ ಬಿಡಬೇಡಿ. ಮೊದಲು ರಕ್ತ ಪರೀಕ್ಷೆ ಮಾಡಿಸಿ. ಈ ವಯಸ್ಸಿನ ಹೆಣ್ಣುಮಕ್ಕಳಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಿದ್ದರೆ ಅದು ಕಬ್ಬಿಣಾಂಶದ್ದು. ನುಂಗುತ್ತಾಳಾ ಕೇಳಿ. ಕಿಟಕಿಯಿಂದ ಎಸೆಯುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ಮಗಳೂ ಎಸೆದಿದ್ದಾಳೆ, ಅದೂ ನರ್ಸಿನ ಮಗಳು!

ಮುಟ್ಟಿನ ದಿನ ಆಡಬಾರದು ಅಂತ ಏನಿಲ್ಲ. ಮೈಗೆ ಒಗ್ಗುವಷ್ಟು ನಡೆದರೆ ಎಷ್ಟೋ ಜನರಿಗೆ ಹೊಟ್ಟೆನೋವು ಕಡಿಮೆಯಾಗುತ್ತೆ. ಆದರೆ ಕಲೆಯಾದೀತು ಅನ್ನೋ ಹೆದರಿಕೆಗೆ ಆ ಎರಡು ದಿನ ಮರದ ಕೆಳಗೆ ಕೂತ ಹುಡುಗಿ ಆಮೇಲೆ ಪೂರ್ತಿ ಅಲ್ಲೇ ಉಳಿದುಬಿಡುತ್ತಾಳೆ. ಪಿ.ಟಿ. ದಿನ ಪ್ಯಾಂಟ್ ಹಾಕಲು ಬಿಡಿ ಅಂತಲೂ ಸಭೆಯಲ್ಲಿ ಕೇಳಿ.

ಖೋಖೋ, ಕಬಡ್ಡಿ ಬೇಡ ಅಂದರೆ ಯಕ್ಷಗಾನದ ಹೆಜ್ಜೆ ಕಲಿಸಿ. ನಮ್ಮವಳು ವಾರಕ್ಕೆರಡು ದಿನ ಹೋಗುತ್ತಾಳೆ. ಒಂದು ಪದ್ಯಕ್ಕೆ ಕುಣಿದು ಮುಗಿಸುವಷ್ಟರಲ್ಲಿ ಚೂಡಿದಾರ ಹಿಂಡಬೇಕು. ಮಂಡಿ ಹಾಕೋದು, ಅಂದರೆ ಮೊಣಕಾಲೂರಿ ಸುತ್ತೋದು ಮಾತ್ರ ಗುರುಗಳ ಎದುರಿಗೇ ಆಗಬೇಕು. ಮನೆಯ ಸಿಮೆಂಟ್ ನೆಲದ ಮೇಲೆ ಬೇಡ.

ತೋಟದಮನೆ, ಶಿರಸಿ

ಎಲ್ಲರಿಗೂ ಥ್ಯಾಂಕ್ಸ್. ಸರ್, ನಿಮ್ಮ ಉತ್ತರ ಓದಿ ಮಗಳನ್ನು ಕೇಳಿದೆ. ಗ್ರೌಂಡಿಗೆ ಬಿಟ್ಟ ಆ ಒಂದು ದಿನ ನೀನು ಏನು ಆಡಿದೆ ಅಂತ. "ನನ್ನ ಹತ್ರ ಏಳು ವಾಚು ಇತ್ತು" ಅಂದಳು. ನನಗೆ ಮಾತೇ ಹೊರಡಲಿಲ್ಲ.

ಶನಿವಾರ ಪಾಲಕರ ಸಭೆ. ನಾಲ್ಕು ಜನ ತಾಯಂದಿರು ಒಟ್ಟಿಗೆ ಹೋಗುತ್ತೇವೆ. ರಕ್ತ ಪರೀಕ್ಷೆ ಸೋಮವಾರ. ನೀಲಿ ಮಾತ್ರೆ ವಿಷಯ ಕೇಳಿದ್ದಕ್ಕೆ ನೆಲ ನೋಡಿದಳು, ಉತ್ತರ ಸಿಕ್ಕ ಹಾಗಾಯ್ತು.

ಬೈಕು ರಿಪೇರಿಯಾಗಿದೆ, ಆದರೆ ನಮ್ಮನೆಯವರಿಗೆ ಹೇಳಿ ನಿಲ್ಲಿಸಿದ್ದೇನೆ. ಎರಡು ದಿನದಿಂದ ನಡೆದೇ ಬರುತ್ತಿದ್ದಾಳೆ. ನಿನ್ನೆ ಮೂರು ಉಂಬಳ (ಜಿಗಣೆ) ಹತ್ತಿತ್ತು, ಊರಿಗೇ ಕೇಳುವ ಹಾಗೆ ಕೂಗಿದಳು. ಇವತ್ತು ಒಂದೇ. ಸುಣ್ಣದ ಡಬ್ಬಿ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದಾಳೆ.

ಈಗ ಜಗಲಿಯಲ್ಲಿ ಹಗ್ಗ ಹಾರುತ್ತಿದ್ದಾಳೆ. ಅತ್ತೆ ಕವಳ ಹಾಕಿಕೊಂಡು ಎಣಿಸುತ್ತಿದ್ದಾರೆ. ಇಪ್ಪತ್ಮೂರು ಆಯ್ತು ಅಂತ ಇವಳು, ಇಪ್ಪತ್ತೊಂದೇ ಅಂತ ಅವರು. ಮತ್ತೆ ಮೊದಲಿಂದ ಶುರು.