ಫ್ಲಾಪಿ ಕಂಟ್ರೋಲರ್‌ಗೂ ಒಂದು ಬೇರೆ ಪ್ರೊಸೆಸ್ ಬೇಕಾ?

ತುಂಗಾತೀರ: ವರ್ಚುಯಲ್ ಮಷೀನಿನ ಡಿಸ್ಕ್, ನೆಟ್‌ವರ್ಕ್ ಕಾರ್ಡ್ ಎಲ್ಲವನ್ನೂ ಒಂದೇ ಕ್ಯೂಎಮು (ವರ್ಚುಯಲ್ ಮಷೀನ್ ಓಡಿಸುವ ಸಾಫ್ಟ್‌ವೇರ್) ಪ್ರೊಸೆಸ್ ಎಮ್ಯುಲೇಟ್ ಮಾಡುತ್ತದೆ, ಅಂದರೆ ಸಾಫ್ಟ್‌ವೇರಿನಲ್ಲೇ ಅನುಕರಿಸುತ್ತದೆ. ಡಿವೈಸಿಗೊಂದು ಪ್ರೊಸೆಸ್ ಮಾಡಿ ಅನ್ನೋರಿದ್ದಾರೆ. 2021ರ ಕ್ಯೂಎಮು 6.0ರಲ್ಲಿ ಪ್ರಯೋಗಕ್ಕೆ ಬಂದೂ ಆಯಿತು. ನನಗಂತೂ ಇದು ಸುಮ್ನೆ ಕೆಲಸ ಜಾಸ್ತಿ ಮಾಡಿಕೊಂಡ ಹಾಗೆ ಕಾಣುತ್ತದೆ.

ಬಿಟ್‌ಬಸವ: 2015ರ ವೆನಮ್ ಮರೆತುಬಿಟ್ರಾ? ಫ್ಲಾಪಿ ಕಂಟ್ರೋಲರ್ ಕೋಡಿನಲ್ಲಿ 2004ರಿಂದ ಕೂತಿದ್ದ ಬಗ್. ಗೆಸ್ಟ್ (ವರ್ಚುಯಲ್ ಮಷೀನ್) ಒಳಗಿಂದ 512 ಬೈಟಿನ ಬಫರ್ ಉಕ್ಕುವಂತೆ ಕಮಾಂಡ್ ಕಳಿಸಿದರೆ ಇಡೀ ಕ್ಯೂಎಮು ಪ್ರೊಸೆಸ್ಸೇ ಕೈಗೆ ಸಿಗಬಹುದಿತ್ತು. ಫ್ಲಾಪಿ ಡ್ರೈವ್ ತೆಗೆದಿಟ್ಟರೂ ಆ ಕೋಡ್ ಹೋಗುತ್ತಿರಲಿಲ್ಲ. ಯಾರೂ ಬಳಸದ ಡಿವೈಸಿಗೆ ಅಷ್ಟು ಅಧಿಕಾರ ಯಾಕೆ ಸ್ವಾಮಿ?

ಕೆವಿಎಂ_ಕಿಟ್ಟಿ: ಸರಿ, ವೇಗದ ಕಥೆ? ಗೆಸ್ಟ್ ಡಿವೈಸಿನ ಒಂದು ರಿಜಿಸ್ಟರ್ ಮುಟ್ಟಿದರೆ ಕೆವಿಎಂನಿಂದ (ಲಿನಕ್ಸ್ ಕರ್ನಲ್ಲಿನ ವರ್ಚುಯಲೈಸೇಶನ್ ಭಾಗ) ಕ್ಯೂಎಮುಗೆ, ಅಲ್ಲಿಂದ ಸಾಕೆಟ್ ಮೇಲೆ ಇನ್ನೊಂದು ಪ್ರೊಸೆಸ್‌ಗೆ. ಉತ್ತರ ಬರುವವರೆಗೂ ವಿಸಿಪಿಯು (ಗೆಸ್ಟಿನ ಸಿಪಿಯು) ಬಾಯಿಬಿಟ್ಟುಕೊಂಡು ಕಾಯಬೇಕು. ಹಳೇ ಐಡಿಇ ಡಿಸ್ಕನ್ನು ಹೀಗೆ ಓಡಿಸಿದರೆ ಮುಗೀತು.

ಬಿಟ್‌ಬಸವ: ಐಡಿಇಗೆ ನಿಮ್ಮ ಮಾತು ನಿಜ. ವರ್ಚುಯಲ್ ಮಷೀನಿಗೆಂದೇ ಮಾಡಿದ, ಮೆಮೊರಿಯಲ್ಲಿನ ಕ್ಯೂಗಳ ಮೂಲಕ ಕೆಲಸ ಮಾಡುವ ವರ್ಟಿಯೋ ಡಿವೈಸಿಗೆ ಅಲ್ಲ. ಅದನ್ನು ಬೇರೆ ಪ್ರೊಸೆಸ್‌ಗೆ ಒಪ್ಪಿಸುವ ವಿಹೋಸ್ಟ್-ಯೂಸರ್ ಪ್ರೊಟೊಕಾಲಿನಲ್ಲಿ ಯುನಿಕ್ಸ್ ಸಾಕೆಟ್ ಬೇಕಾಗುವುದು ಸೆಟಪ್ ಮಾತುಕತೆಗೆ. ಗೆಸ್ಟ್ ಮೆಮೊರಿಯ ಫೈಲ್ ಡಿಸ್ಕ್ರಿಪ್ಟರನ್ನೂ ಅದರ ಮೇಲೇ ದಾಟಿಸುತ್ತಾರೆ. ಆಮೇಲೆ ಆ ಕಡೆಯ ಪ್ರೊಸೆಸ್ ಆ ಮೆಮೊರಿಯನ್ನು ಎಂಮ್ಯಾಪ್ ಮಾಡಿಕೊಂಡು (ತನ್ನ ಮೆಮೊರಿಗೆ ಜೋಡಿಸಿಕೊಂಡು) ಕ್ಯೂಗಳನ್ನು ನೇರ ಓದುತ್ತದೆ. ಕೆಲಸ ಇದೆ ಅಂತ ಗೆಸ್ಟ್ ಬೆಲ್ ಹೊಡೆದರೆ ಕೆವಿಎಂ ಐಒಇವೆಂಟ್‌ಎಫ್‌ಡಿ ಎಂಬ ಸೂಚನೆಯಿಂದ ಆ ಪ್ರೊಸೆಸ್ಸನ್ನೇ ಎಬ್ಬಿಸುತ್ತದೆ, ವಾಪಸ್ ಇಂಟರಪ್ಟ್‌ಗೆ ಐಆರ್‌ಕ್ಯೂಎಫ್‌ಡಿ. ಡೇಟಾ ದಾರಿಯಲ್ಲಿ ಕ್ಯೂಎಮು ಕಾಣುವುದೇ ಇಲ್ಲ. ಡಿಪಿಡಿಕೆ (ಕರ್ನಲ್ ಬದಿಗಿಟ್ಟು ನೆಟ್‌ವರ್ಕ್ ಪ್ಯಾಕೆಟ್ ಸಾಗಿಸುವ ಲೈಬ್ರರಿ) ಮಂದಿ ಇದನ್ನು ಹಿಡಿದುಕೊಂಡದ್ದೇ ವೇಗಕ್ಕೆ.

ತುಂಗಾತೀರ: ಹಾಂ, ಕ್ಯೂಎಮು ಗೆಸ್ಟಿನ ಮೆಮೊರಿ ಬ್ಯಾಕೆಂಡ್‌ಗೆ ಶೇರ್=ಆನ್ (ಹಂಚಿಕೊಳ್ಳಲು ಬಿಡು) ಅಂತ ಯಾಕೆ ಕೇಳುತ್ತಿತ್ತು ಅಂತ ಈಗ ಗೊತ್ತಾಯ್ತು.

ಹಂಪಿ404: ತೂತಿರುವುದೂ ಅಲ್ಲೇ. ಗೆಸ್ಟಿನ ಮೆಮೊರಿ ಪೂರ್ತಿ ಕೊಟ್ಟಮೇಲೆ ಆ ಪ್ರೊಸೆಸ್ ಕೆಟ್ಟರೆ ಗೆಸ್ಟೂ ಕೆಟ್ಟಂತೆ.

ಬಿಟ್‌ಬಸವ: ಆ ಒಂದು ಗೆಸ್ಟ್ ತಾನೆ? ಸೆಕ್‌ಕಾಂಪ್, ನೇಮ್‌ಸ್ಪೇಸ್ ಥರದ ಲಿನಕ್ಸ್ ಬೇಲಿ ಹಾಕಿದರೆ ಹೋಸ್ಟ್ (ಗೆಸ್ಟ್ ಓಡುವ ಅಸಲಿ ಯಂತ್ರ) ಬಚಾವ್.

ಹಂಪಿ404: ಡಿಪಿಡಿಕೆ ಹಾಕಿದ ಓಪನ್ ವಿಸ್ವಿಚ್ ಎಂಬ ಸಾಫ್ಟ್‌ವೇರ್ ನೆಟ್‌ವರ್ಕ್ ಸ್ವಿಚ್ ಒಂದೇ ಪ್ರೊಸೆಸ್‌ನಲ್ಲಿ ಹೋಸ್ಟಿನ ಎಲ್ಲ ಗೆಸ್ಟ್‌ಗಳಿಗೂ ಸೇವೆ ಕೊಡುತ್ತದೆ. ಅಂದರೆ ಎಲ್ಲರ ಮೆಮೊರಿಯೂ ಅದರ ಕೈಲಿ. ಕ್ಯೂಎಮುನಿಂದ ಹೊರಗೆ ತಂದು ಇನ್ನೂ ದೊಡ್ಡ ಗುರಿ ಮಾಡಿಟ್ಟಿರಿ! ಅದಕ್ಕಿಂತ 2018ರ ಫೈರ್‌ಕ್ರ್ಯಾಕರ್ (ಕ್ಯೂಎಮು ಕೆಲಸವನ್ನೇ ಮಾಡುವ ಪುಟ್ಟ ಸಾಫ್ಟ್‌ವೇರ್) ದಾರಿ ವಾಸಿ. ಬೇಡದ ಡಿವೈಸುಗಳನ್ನು ಬರೆಯಲೇ ಇಲ್ಲ, ಬರೆದ ನಾಲ್ಕಾರನ್ನು ಮೆಮೊರಿ ತಪ್ಪುಗಳನ್ನು ತಡೆಯುವ ರಸ್ಟ್ ಭಾಷೆಯಲ್ಲಿ ಬರೆದರು.

ಬಿಟ್‌ಬಸವ: ಸ್ವಿಚ್ ವಿಷಯ ಒಪ್ಪಿದೆ. ಡಿಸ್ಕಿಗೆ, ವರ್ಟಿಯೋಎಫ್‌ಎಸ್‌ಡಿಗೆ (ಹೋಸ್ಟಿನ ಫೋಲ್ಡರನ್ನು ಗೆಸ್ಟಿಗೆ ಕೊಡುವ ಪ್ರೋಗ್ರಾಂ) ಮಾತ್ರ ಗೆಸ್ಟಿಗೊಂದು ಪ್ರೊಸೆಸ್ ಇಡಿ ಅಂತಲೇ ಹೇಳ್ತೀನಿ.

ಕೆವಿಎಂ_ಕಿಟ್ಟಿ: ಇಡಿ, ಬೇಡ ಅನ್ನಲ್ಲ. ರಾತ್ರಿ ಲೈವ್ ಮೈಗ್ರೇಶನ್ (ಓಡುತ್ತಿರುವ ಗೆಸ್ಟನ್ನು ಬೇರೆ ಹೋಸ್ಟಿಗೆ ಸಾಗಿಸುವುದು) ಮಾಡುವಾಗ ಆ ಪ್ರೊಸೆಸ್ಸಿನ ಹೊಟ್ಟೆಯಲ್ಲಿರುವ ಸ್ಥಿತಿಯನ್ನು ಯಾರು ಸಾಗಿಸ್ತಾರೆ, ಅದನ್ನೂ ಹೇಳಿಬಿಡಿ.