ಹಡಗಿನ ಊಟದ ಹಾಲ್‌ಗೆ ಏನು ಹಾಕ್ಕೊಂಡು ಹೋಗೋದು? ಹೆಡ್‌ವೇಟರ್ ಅವರನ್ನೇ ಕೇಳಿ

ಅಡ್ಮಿನ್: ಬಳಗದವರಿಗೆಲ್ಲ ನಮಸ್ಕಾರ. ಕ್ರೂಸ್ ಹಡಗಿನ ರೆಸ್ಟೋರೆಂಟ್‌ಗಳ ಡ್ರೆಸ್ ಕೋಡ್ ಬಗ್ಗೆ ಗ್ರೂಪಿನಲ್ಲಿ ಒಂದೇ ಗೊಂದಲ. ಒಬ್ಬರು ಸೂಟ್ ಹೊಲಿಯಲು ಕೊಟ್ಟಿದ್ದಾರೆ, ಇನ್ನೊಬ್ಬರು ಟಿಕೆಟ್ಟೇ ಕ್ಯಾನ್ಸಲ್ ಮಾಡ್ತೀನಿ ಅಂತಿದ್ದಾರೆ. ದೊಡ್ಡ ಹಡಗುಗಳ ಊಟದ ಹಾಲ್‌ನಲ್ಲಿ ಹೆಡ್‌ವೇಟರ್ ಆಗಿದ್ದು, ಈಗ ಮೈಸೂರಿಗೆ ವಾಪಸ್ ಬಂದಿರುವ ನಮ್ಮ ಸದಸ್ಯರು ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ವಿಜಯನಗರ ಸೆಕೆಂಡ್ ಸ್ಟೇಜ್: ಸರ್ ನಮಸ್ತೆ. ಒಂದು ಹಡಗಿನವರು ಸ್ಮಾರ್ಟ್ ಕ್ಯಾಶುವಲ್ ಅಂತಾರೆ, ಇನ್ನೊಂದರಲ್ಲಿ ರೆಸಾರ್ಟ್ ಕ್ಯಾಶುವಲ್, ಮತ್ತೊಂದರಲ್ಲಿ ಎಲಿಗೆಂಟ್, ಗಾಲಾ. ತಲೆ ಕೆಟ್ಟುಹೋಗಿದೆ. ಇಷ್ಟಕ್ಕೂ ಏನು ತಗೊಂಡು ಹೋಗಬೇಕು?

ಹೆಡ್‌ವೇಟರ್: ನಮಸ್ಕಾರ. ತಲೆ ಕೆಡುವುದು ಸಹಜ, ಏಕೆಂದರೆ ಒಂದೊಂದು ಕಂಪನಿ ಒಂದೊಂದು ಹೆಸರು ಇಟ್ಟಿದೆ. ಕಾರ್ನಿವಲ್‌ನಲ್ಲಿ ಎರಡೇ: ಕ್ರೂಸ್ ಕ್ಯಾಶುವಲ್, ಕ್ರೂಸ್ ಎಲಿಗೆಂಟ್. ಸೆಲೆಬ್ರಿಟಿಯವರು ಈವನಿಂಗ್ ಶಿಕ್ ಅಂತಾರೆ. ಕ್ಯೂನಾರ್ಡ್‌ನಲ್ಲಿ ಗಾಲಾ ಈವನಿಂಗ್, ಅಲ್ಲಿ ಮಾತ್ರ ನಿಜವಾಗಿಯೂ ಕಪ್ಪು ಕೋಟು, ಬೋ ಕಟ್ಟಿದವರು ಸಾಲಾಗಿ ಬರುತ್ತಾರೆ. ನಾರ್ವೇಜಿಯನ್‌ನವರು 2000ನೇ ಇಸವಿಯಲ್ಲೇ ಫ್ರೀಸ್ಟೈಲ್ ಅಂತ ಮಾಡಿ ಕಡ್ಡಾಯ ಫಾರ್ಮಲ್ ರಾತ್ರಿಯನ್ನು ಕೈಬಿಟ್ಟರು.

ಹೆಸರು ಬಿಡಿ. ಮೂರು ವಿಷಯ ನೋಡಿ: ಯಾವ ಜಾಗ, ಎಷ್ಟು ಗಂಟೆ, ಯಾವ ರಾತ್ರಿ. ಬೆಳಿಗ್ಗೆ, ಮಧ್ಯಾಹ್ನ ಬಫೆಯಲ್ಲಿ ಒದ್ದೆ ಈಜುಡುಗೆ, ಬರಿಗಾಲು ಬಿಟ್ಟು ಏನಾದರೂ ನಡೆಯುತ್ತೆ. ನಿಯಮ ಶುರುವಾಗುವುದು ಸಂಜೆ ಆದಮೇಲೆ, ಅದೂ ಮುಖ್ಯ ಊಟದ ಹಾಲ್‌ನಲ್ಲಿ ಮತ್ತು ಜಾಸ್ತಿ ದುಡ್ಡು ಕೊಟ್ಟು ತಿನ್ನುವ ರೆಸ್ಟೋರೆಂಟ್‌ಗಳಲ್ಲಿ. ಅಲ್ಲಿ ಕ್ಯಾಶುವಲ್ ಅಂದರೆ ನಮ್ಮ ಗೃಹಪ್ರವೇಶಕ್ಕೆ ಹೋಗುವ ಬಟ್ಟೆ, ಫಾರ್ಮಲ್ ಅಂದರೆ ಆರತಕ್ಷತೆಗೆ ಹೋಗುವ ಬಟ್ಟೆ ಅಂದ್ಕೊಳ್ಳಿ. ಏಳು ರಾತ್ರಿಯ ಪ್ರವಾಸದಲ್ಲಿ ಫಾರ್ಮಲ್ ಸಾಮಾನ್ಯವಾಗಿ ಎರಡು ರಾತ್ರಿ. ಯಾವತ್ತು ಅಂತ ಹಡಗಿನ ಆ್ಯಪ್‌ನಲ್ಲಿ ಇರುತ್ತೆ, ಇಲ್ಲವೇ ಹಿಂದಿನ ರಾತ್ರಿಯೇ ಕೋಣೆಗೆ ಹಾಳೆ ಬರುತ್ತೆ. ಅದನ್ನು ಓದದೆ ಬಾಗಿಲಿಗೆ ಬಂದು ವಾದ ಮಾಡುವವರೇ ಜಾಸ್ತಿ.

ಗೋಕುಲಂ ಗೃಹಿಣಿ: ಸರ್, ಮೈಸೂರು ಸಿಲ್ಕ್ ಸೀರೆ ಉಟ್ಟರೆ ಫಾರ್ಮಲ್‌ಗೆ ಆಗುತ್ತಾ? ನನ್ನ ಓರಗಿತ್ತಿ ಗೌನೇ ಆಗಬೇಕು ಅಂತ ಹಠ ಹಿಡಿದಿದ್ದಾಳೆ.

ಹೆಡ್‌ವೇಟರ್: ಧಾರಾಳವಾಗಿ ಆಗುತ್ತೆ. ಗೌನ್ ಬೇಡ.

ಹುಣಸೂರು ರೋಡ್: ಅಣ್ಣ, ಶಾರ್ಟ್ಸ್ ನಡೆಯುತ್ತಾ?

ಹೆಡ್‌ವೇಟರ್: ಹಗಲು ನಡೆಯುತ್ತೆ. ರಾತ್ರಿ ಬಫೆಯಲ್ಲಿ ಬಹುಪಾಲು ನಡೆಯುತ್ತೆ. ಮುಖ್ಯ ಹಾಲ್‌ನಲ್ಲಿ ಕಂಪನಿ ನೋಡಿಕೊಳ್ಳಿ, ಫಾರ್ಮಲ್ ರಾತ್ರಿ ಅಂತೂ ಬೇಡ.

ಟಿ.ಕೆ. ಲೇಔಟ್: ಗ್ರೂಪಿನವರಿಗೆ ಉಪಯೋಗ ಆಗಲಿ ಅಂತ ಹಾಕ್ತಿದ್ದೀನಿ, ಬಂದ ಹಾಗೆ ಕಳಿಸಿದ್ದೇನೆ: "ಕ್ರೂಸ್ ಹೋಗುವವರೇ ಎಚ್ಚರ! 1. ಗಂಡಸರಿಗೆ ಸೂಟ್ ಇಲ್ಲದಿದ್ದರೆ ರಾತ್ರಿ ಊಟ ಇಲ್ಲ. 2. ಕಾಲ್ಬೆರಳು ಕಾಣುವ ಚಪ್ಪಲಿಗೆ ದಂಡ. 3. ಇಸ್ತ್ರಿಗೆ ಹಡಗಿನಲ್ಲಿ ಭಾರಿ ರೇಟು, ಚಿಕ್ಕ ಇಸ್ತ್ರಿ ಪೆಟ್ಟಿಗೆಯನ್ನು ಟವೆಲ್‌ನಲ್ಲಿ ಸುತ್ತಿ ಒಯ್ಯಿರಿ. 4. ಹೊಸ ಶೂ ಕಚ್ಚಿದರೆ ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿ, ಪ್ಲಾಸ್ಟಿಕ್ ಕವರ್ ಸುತ್ತಿ ಶೂ ಹಾಕಿ, ಎರಡೇ ದಿನದಲ್ಲಿ ಗುಣ."

ಹೆಡ್‌ವೇಟರ್: ಫಾರ್ವರ್ಡ್ ಬೇಡ ಅಂದ ಮೇಲೂ ಹಾಕಿದ್ದೀರಿ. ಒಂದನೆಯದು ಸುಳ್ಳು, ಬಫೆಗೆ ಹೋದರೆ ಊಟ ಇದ್ದೇ ಇರುತ್ತೆ. ಎರಡನೆಯದು, ದಂಡ ಅನ್ನುವುದೇ ಇಲ್ಲ. ಮೂರನೆಯದು ಅಪಾಯ. ಇಸ್ತ್ರಿ ಪೆಟ್ಟಿಗೆ, ಸ್ಟೀಮರ್, ಮೇಣದ ಬತ್ತಿ, ಊದುಬತ್ತಿ, ಇವೆಲ್ಲ ಬಹುತೇಕ ಕಂಪನಿಗಳಲ್ಲಿ ನಿಷೇಧ. ಹತ್ತುವಾಗಲೇ ಸ್ಕ್ಯಾನ್ ಮಾಡಿ ಎತ್ತಿಟ್ಟುಕೊಳ್ಳುತ್ತಾರೆ. ಕೋಣೆಯಲ್ಲಿ ದೇವರ ಫೋಟೋಗೆ ಊದುಬತ್ತಿ ಹಚ್ಚುತ್ತೇವೆ ಅನ್ನುವವರು ನಮ್ಮ ಊರಲ್ಲಿ ತುಂಬಾ ಜನ, ಅವರಿಗೂ ಸೇರಿಸಿಯೇ ಹೇಳ್ತಿದ್ದೀನಿ. ಹಡಗಿನಲ್ಲಿ ಬೆಂಕಿ ಬಿದ್ದರೆ ಓಡಿಹೋಗಲು ರಸ್ತೆ ಇಲ್ಲ. 2006ರ ಮಾರ್ಚ್‌ನಲ್ಲಿ ಜಮೈಕಾ ಕಡೆ ಹೋಗುತ್ತಿದ್ದ ಸ್ಟಾರ್ ಪ್ರಿನ್ಸೆಸ್ ಹಡಗಿಗೆ ರಾತ್ರಿ ಬೆಂಕಿ ಬಿತ್ತು. ಬಾಲ್ಕನಿಯಲ್ಲಿ ಬಿದ್ದ ಸಿಗರೇಟ್ ತುಂಡೇ ಕಾರಣ ಇರಬೇಕು ಅಂತ ತನಿಖೆ ಹೇಳಿತು. ಒಬ್ಬ ಪ್ರಯಾಣಿಕರು ತೀರಿಕೊಂಡರು. ಒಂದು ತುಂಡು ಸಿಗರೇಟ್‌ನಿಂದ ಅಷ್ಟಾದರೆ, ಸ್ವಿಚ್ ಆಫ್ ಮಾಡಲು ಮರೆತ ಇಸ್ತ್ರಿ ಪೆಟ್ಟಿಗೆ ಯೋಚನೆ ಮಾಡಿ. ಬಟ್ಟೆ ಸುಕ್ಕಾದರೆ ಕೋಣೆ ಹುಡುಗನ ಕೈಗೆ ಕೊಡಿ, ದುಡ್ಡು ತಗೊಂಡು ಇಸ್ತ್ರಿ ಮಾಡಿಸಿ ಕೊಡುತ್ತಾನೆ. ಇಲ್ಲವೇ ಬಚ್ಚಲಿನಲ್ಲಿ ನೇತುಹಾಕಿ ಬಿಸಿನೀರು ಬಿಡಿ, ಹಬೆಗೆ ಅರ್ಧ ಸುಕ್ಕು ಹೋಗುತ್ತೆ.

ನಾಲ್ಕನೆಯದನ್ನು ಯಾರು ಬರೆದರೋ ಗೊತ್ತಿಲ್ಲ. ಅದನ್ನು ಮಾಡಬೇಡಿ ಅಷ್ಟೇ.

ಟಿ.ಕೆ. ಲೇಔಟ್: ಒಳ್ಳೇದಕ್ಕೆ ಹಾಕಿದ್ದು ಸರ್. ಬೈಯುವ ಅಗತ್ಯ ಇರಲಿಲ್ಲ.

ಮಂಡ್ಯದ ಮಗಳು: ಸರ್, ನನ್ನ ಪ್ರಶ್ನೆ ಸ್ವಲ್ಪ ಉದ್ದ. ಅಪ್ಪನಿಗೆ 76 ವರ್ಷ. ಹಳೇ ಶುಗರ್, ಇನ್ಸುಲಿನ್ ತಗೋತಾರೆ. ಹೋದ ವರ್ಷ ಎಡಗಾಲಿನ ಹೆಬ್ಬೆರಳಲ್ಲಿ ಹುಣ್ಣಾಗಿ ವಾಸಿಯಾಗಿದೆ. ಆವಾಗಿಂದ ಎಂ.ಸಿ.ಆರ್. ಚಪ್ಪಲಿ, ಅಂದ್ರೆ ಶುಗರ್ ಇರುವವರಿಗೆ ಕೊಡುವ ಮೆತ್ತನೆ ರಬ್ಬರ್ ಚಪ್ಪಲಿ, ಬಿಟ್ಟು ಬೇರೆ ಹಾಕಿಲ್ಲ. ಜೀವಮಾನವೆಲ್ಲ ಪಂಚೆ ಉಟ್ಟವರು. ತಮ್ಮ ಸಿಯಾಟಲ್‌ನಲ್ಲಿದ್ದಾನೆ, ಅಲ್ಲಿಂದ ಅಲಾಸ್ಕಾಕ್ಕೆ ಏಳು ರಾತ್ರಿಯ ಹಡಗು ಬುಕ್ ಮಾಡಿದ್ದಾನೆ. ಮೇಲಿನ ಫಾರ್ವರ್ಡ್ ಅವನಿಗೆ ಮೊದಲೇ ಬಂದಿತ್ತು, ಅದನ್ನು ಓದಿ, ಗಂಡಸರಿಗೆ ಚಪ್ಪಲಿ ನಡೆಯಲ್ಲ ಅಂತ ಅಪ್ಪನಿಗೆ ಕಪ್ಪು ಲೆದರ್ ಶೂ ಕೊಡಿಸಿಬಿಟ್ಟಿದ್ದಾನೆ. ಅಪ್ಪ ಮನೆಯೊಳಗೆ ಹಾಕಿಕೊಂಡು ಅಭ್ಯಾಸ ಮಾಡ್ತಿದ್ದಾರೆ. ನೋವೇ ಇಲ್ಲ, ಚೆನ್ನಾಗಿದೆ ಅಂತಾರೆ. ಬಫೆಯಲ್ಲಿ ಊಟ ಮಾಡೋಣ ಅಂದರೆ, ಮಗ ದುಡ್ಡು ಕಟ್ಟಿದ್ದಾನೆ, ನನ್ನ ಒಬ್ಬನಿಂದ ಎಲ್ಲರೂ ತಟ್ಟೆ ಹಿಡಿದು ನಿಲ್ಲೋದು ಬೇಡ ಅಂತ ಹಠ.

ಹೆಡ್‌ವೇಟರ್: ಅಮ್ಮ, ಮೊದಲು ಆ ಶೂ ಬಿಚ್ಚಿಸಿ. ಇವತ್ತೇ. ನೋವೇ ಇಲ್ಲ ಅನ್ನುವುದೇ ನನಗೆ ಹೆದರಿಕೆ. ಹಳೇ ಶುಗರ್ ಇದ್ದ ಹಲವರಿಗೆ ಪಾದದಲ್ಲಿ ಸ್ಪರ್ಶ ಕಡಿಮೆಯಾಗಿರುತ್ತೆ. ಶೂ ಉಜ್ಜಿ ಗುಳ್ಳೆ ಎದ್ದರೂ ಗೊತ್ತಾಗುವುದಿಲ್ಲ, ಸಾಕ್ಸ್ ಒದ್ದೆಯಾದಾಗಲೇ ಗೊತ್ತಾಗುವುದು. ನಾನು ಡಾಕ್ಟರ್ ಅಲ್ಲ. ಆದರೆ ಫಾರ್ಮಲ್ ರಾತ್ರಿಯ ಮರುದಿನ ಕಾಲು ಕುಂಟುತ್ತಾ ಹಡಗಿನ ಆಸ್ಪತ್ರೆಗೆ ಇಳಿಯುವ ವಯಸ್ಸಾದವರನ್ನು ಕಂಡಿದ್ದೇನೆ. ಅಲ್ಲಿನ ಬಿಲ್ಲು ಡಾಲರ್‌ನಲ್ಲಿ, ಇನ್ಶೂರೆನ್ಸ್ ಇಲ್ಲದೆ ಹತ್ತಲೇಬೇಡಿ. ಇವತ್ತು ರಾತ್ರಿ ಅಪ್ಪನ ಎರಡೂ ಪಾದ ಬೆಳಕಿನಲ್ಲಿ ತಿರುಗಿಸಿ ನೋಡಿ, ಬೆರಳ ಸಂದಿ, ಹಿಮ್ಮಡಿ ಎಲ್ಲ. ಕೆಂಪಗಿದ್ದರೆ ನಾಳೆಯೇ ಡಾಕ್ಟರಿಗೆ ತೋರಿಸಿ.

ಈಗ ಬಟ್ಟೆ ವಿಷಯ. ಗಂಡಸರ ಚಪ್ಪಲಿ ರಾತ್ರಿ ಮುಖ್ಯ ಹಾಲ್‌ನಲ್ಲಿ ಬೇಡ ಅನ್ನುವ ನಿಯಮ ಹಲವು ಕಂಪನಿಗಳಲ್ಲಿ ಇರುವುದು ನಿಜ. ಅವರು ಹೇಳುವುದು ಬೀಚಿಗೆ ಹಾಕುವ ಹವಾಯಿ ಚಪ್ಪಲಿಗೆ, ಕಾಯಿಲೆಯ ಕಾಲಿಗಲ್ಲ. ಕಂಪನಿಯಲ್ಲಿ ವಿಶೇಷ ಅಗತ್ಯ ಇರುವವರಿಗಾಗಿಯೇ ಒಂದು ವಿಭಾಗ ಇರುತ್ತೆ. ತಮ್ಮನಿಂದ ಈಗಲೇ ಇಮೇಲ್ ಮಾಡಿಸಿ: ತಂದೆಗೆ ಡಯಾಬಿಟಿಸ್, ವೈದ್ಯರು ಹೇಳಿದ ಪಾದರಕ್ಷೆ ಬಿಟ್ಟು ಬೇರೆ ಹಾಕುವಂತಿಲ್ಲ, ಎಲ್ಲ ರಾತ್ರಿಯೂ ಮುಖ್ಯ ಹಾಲ್‌ನಲ್ಲೇ ಊಟ ಮಾಡಬೇಕು ಅಂತ. ಬಂದ ಉತ್ತರವನ್ನು ಪ್ರಿಂಟ್ ತೆಗೆದಿಡಿ, ಡಾಕ್ಟರ್ ಚೀಟಿ ಇಂಗ್ಲಿಷ್‌ನಲ್ಲಿ ಇರಲಿ. ಹತ್ತಿದ ದಿನ ಮಧ್ಯಾಹ್ನವೇ ಊಟದ ಹಾಲ್‌ಗೆ ಹೋಗಿ ಮೇಟರ್ ಡಿ, ಅಂದರೆ ಹಾಲ್‌ನ ಮುಖ್ಯಸ್ಥ, ಯಾರು ಅಂತ ಕೇಳಿ ಎರಡೂ ತೋರಿಸಿ. ಬಾಗಿಲಿಗೆ ಹತ್ತಿರದ ಮೇಜು ಕೇಳಿ, ನಡೆಯುವುದು ಕಡಿಮೆಯಾಗುತ್ತೆ. ಮೇಜಿನ ಮೇಲೆ ಬಟ್ಟೆ ಇಳಿಬಿದ್ದಿರುತ್ತೆ, ಕೂತ ಮೇಲೆ ಕಾಲು ಯಾರಿಗೂ ಕಾಣುವುದಿಲ್ಲ. ಹಿಮ್ಮಡಿಗೆ ಪಟ್ಟಿ ಇರುವ ಕಪ್ಪು ಎಂ.ಸಿ.ಆರ್., ಅಥವಾ ಶುಗರ್ ಇರುವವರಿಗೆಂದೇ ಮಾಡುವ ಅಗಲ ಮೂತಿಯ ಶೂ, ಯಾವುದು ಅಂತ ಡಾಕ್ಟರನ್ನೇ ಕೇಳಿ.

ಇನ್ನೊಂದು, ಇದನ್ನು ಯಾರೂ ಕೇಳಿಲ್ಲ, ಆದರೆ ಚಪ್ಪಲಿಗಿಂತ ಮುಖ್ಯ. ಮುಖ್ಯ ಹಾಲ್‌ನ ಊಟ ಒಂದೂವರೆ ಗಂಟೆ ಹಿಡಿಯುತ್ತೆ, ಫಾರ್ಮಲ್ ರಾತ್ರಿ ಇನ್ನೂ ಜಾಸ್ತಿ. ಇನ್ಸುಲಿನ್ ಚುಚ್ಚಿಕೊಂಡು ಬಂದು ಸೂಪಿಗೆ ಕಾಯುತ್ತಾ ಕೂತರೆ ಶುಗರ್ ಇಳಿಯುತ್ತೆ. ಸಂಜೆಯ ಮೊದಲ ಪಂಕ್ತಿ ಬುಕ್ ಮಾಡಿ, ಕೂತ ತಕ್ಷಣ ಬ್ರೆಡ್ ತರಲು ಹೇಳಿ. ಅಲಾಸ್ಕಾದ ಗಡಿಯಾರ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ, ಹಡಗಿನಲ್ಲೂ ಸಾಮಾನ್ಯವಾಗಿ ಹಾಗೇ ಬದಲಿಸುತ್ತಾರೆ, ಇನ್ಸುಲಿನ್ ಹೊತ್ತು ನೋಡಿಕೊಳ್ಳಿ. ಮೊದಲ ದಿನ ದೊಡ್ಡ ಪೆಟ್ಟಿಗೆಗಳು ಕೋಣೆಗೆ ಬರುವುದು ಸಂಜೆಯಾಗಬಹುದು. ಇನ್ಸುಲಿನ್, ಚಪ್ಪಲಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ.

ಪಂಚೆ ಬಗ್ಗೆ: ಕ್ಯೂನಾರ್ಡ್‌ನವರು ಗಾಲಾ ರಾತ್ರಿಗೆ ರಾಷ್ಟ್ರೀಯ ಉಡುಗೆ ನಡೆಯುತ್ತೆ ಅಂತ ಬರೆದೇ ಇಟ್ಟಿದ್ದಾರೆ. ಬೇರೆ ಕಡೆ ಬರೆದಿರದೆ ಇರಬಹುದು, ಅದಕ್ಕೇ ಆ ಇಮೇಲ್‌ನಲ್ಲಿ ಇದನ್ನೂ ಸೇರಿಸಿ, ಫೋಟೋ ಹಾಕಿ. ಪೂರ್ತಿ ಇಳಿಬಿಟ್ಟ ಜರಿ ಪಂಚೆ, ಜುಬ್ಬ, ಶಲ್ಯ. ಸ್ಕಾಟ್ಲೆಂಡಿನವರು ಮೊಣಕಾಲು ಕಾಣುವ, ಲಂಗದಂಥ ಕಿಲ್ಟ್ ಹಾಕಿ ನನ್ನ ಮುಂದೆಯೇ ಒಳಗೆ ಹೋಗುತ್ತಿದ್ದರು, ಯಾರೂ ತಡೆಯಲಿಲ್ಲ. ಮೇಲಕ್ಕೆ ಎತ್ತಿ ಕಟ್ಟುವುದು ಮಾತ್ರ ಬೇಡ. ವೆಲ್ಕ್ರೋ ಇರುವ ಪಂಚೆ ಆದರೆ ಒಳ್ಳೇದು, ಹಡಗು ಓಲಾಡುವಾಗ ಮೆಟ್ಟಿಲಲ್ಲಿ ತುದಿ ಕಾಲಿಗೆ ಸಿಕ್ಕುತ್ತೆ. ಒಳಗೆ ಥರ್ಮಲ್ ಪ್ಯಾಂಟ್ ಹಾಕಿಸಿ. ಹಿಮನದಿ ನೋಡಲು ಡೆಕ್ ಮೇಲೆ ನಿಂತಾಗ ಪಂಚೆ ಗಾಳಿ ತಡೆಯುವುದಿಲ್ಲ.

ಮಂಡ್ಯದ ಮಗಳು: ತುಂಬಾ ಥ್ಯಾಂಕ್ಸ್ ಸರ್. ಶೂ ಬಿಚ್ಚಿಸಿದೆ. ಕಿರುಬೆರಳ ಪಕ್ಕ ಕೆಂಪಗಿದೆ. ಬೆಳಿಗ್ಗೆಯೇ ಕರ್ಕೊಂಡು ಹೋಗ್ತೀನಿ.

ರಿಟೈರ್ಡ್ ಮೇಷ್ಟ್ರು: ನಮ್ಮ ಪಂಚೆಗೆ ಫೋಟೋ ಕಳಿಸಿ ಅಪ್ಪಣೆ ಕೇಳಬೇಕೇ? ಇದೆಂಥಾ ಗುಲಾಮಗಿರಿ?

ಕುವೆಂಪುನಗರ ಹುಡುಗ: ಮೇಷ್ಟ್ರೇ, ದುಡ್ಡು ಕೊಟ್ಟು ಅವರ ಹಡಗು ಹತ್ತೋದು ನಾವೇ. ಅಪ್ಪಣೆ ಕೇಳಿಸುವವರು ಹೊರಗಿನವರೇ ಅಂತಿಲ್ಲ. 2024ರಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನು ಒಳಗೆ ಬಿಡಲಿಲ್ಲ ಅಲ್ವಾ? ಅದು ನಮ್ಮದೇ ಊರು.

ರಿಟೈರ್ಡ್ ಮೇಷ್ಟ್ರು: ಅದಕ್ಕೆ ಆ ಮಾಲನ್ನು ಕೆಲವು ದಿನ ಮುಚ್ಚಿಸಿದರು ಕೂಡ. ತಮಿಳುನಾಡಿನಲ್ಲಿ 2014ರಲ್ಲೇ ಕಾನೂನು ತಂದರು, ವೇಷ್ಟಿ ಉಟ್ಟವರನ್ನು ಕ್ಲಬ್‌ಗಳು ತಡೆಯುವಂತಿಲ್ಲ ಅಂತ. ನಮ್ಮ ನೌಕಾಪಡೆಯೇ 2024ರಲ್ಲಿ ಮೆಸ್‌ನಲ್ಲಿ ಕುರ್ತಾ ಪೈಜಾಮಕ್ಕೆ ಒಪ್ಪಿತು. ನಾವು ಮಾತ್ರ ಇನ್ನೂ ಬೋ ಕಟ್ಟಿಕೊಳ್ಳೋಣ.

ಕುವೆಂಪುನಗರ ಹುಡುಗ: ದೇವಸ್ಥಾನದಲ್ಲಿ ಶರ್ಟ್ ಬಿಚ್ಚಿ ಅಂದರೆ ಸುಮ್ನೆ ಬಿಚ್ಚುತ್ತೀರಿ. ಅಲ್ಲಿ ಗುಲಾಮಗಿರಿ ನೆನಪಾಗಲ್ವಾ?

ರಿಟೈರ್ಡ್ ಮೇಷ್ಟ್ರು: ದೇವರಿಗೂ ವೇಟರಿಗೂ ವ್ಯತ್ಯಾಸ ಗೊತ್ತಿಲ್ಲದವರ ಜೊತೆ ಮಾತಿಲ್ಲ.

ಹೆಡ್‌ವೇಟರ್: ವೇಟರ್ ಇಲ್ಲೇ ಇದ್ದಾನೆ ಮೇಷ್ಟ್ರೇ, ಓದುತ್ತಿದ್ದಾನೆ.

ಮದ್ದೂರು ವಡೆ: ಸರ್, ಹಡಗಿನಲ್ಲಿ ಮೊಸರನ್ನ ಸಿಗುತ್ತಾ? ಮಾವಿನಕಾಯಿ ಉಪ್ಪಿನಕಾಯಿ ಒಯ್ಯಬಹುದಾ?

ಸರಸ್ವತಿಪುರಂ ಅಜ್ಜಿ: ನಾವು ಕೆರಿಬಿಯನ್ ಕಡೆ ಹೋಗ್ತಿದ್ದೀವಪ್ಪ. ಮೊಮ್ಮಗನಿಗೆ ಮಿಲಿಟರಿ ಬಣ್ಣದ ಪ್ಯಾಂಟು ಅಂದ್ರೆ ಪ್ರಾಣ. ಊಟಕ್ಕೆ ಅದನ್ನೇ ಹಾಕಿದರೆ ಬಿಡ್ತಾರಾ? ಐದು ವರ್ಷದ ಕೂಸು.

ಹೆಡ್‌ವೇಟರ್: ಅಜ್ಜಿ, ಊಟದ ಮಾತು ಆಮೇಲೆ, ಅದನ್ನು ಮನೆಯಲ್ಲೇ ಬಿಟ್ಟು ಹೋಗಿ. ಬಾರ್ಬಡೋಸ್, ಜಮೈಕಾ, ಸೇಂಟ್ ಲೂಸಿಯಾ, ಇಲ್ಲೆಲ್ಲ ಮಿಲಿಟರಿ ಬಣ್ಣದ ಬಟ್ಟೆ ಸಾಮಾನ್ಯ ಜನ ಹಾಕುವುದು ಕಾನೂನಿಗೆ ವಿರುದ್ಧ. ಬಾರ್ಬಡೋಸ್‌ನಲ್ಲಿ ಮಕ್ಕಳಿಗೂ ವಿನಾಯಿತಿ ಇಲ್ಲ. ಟೋಪಿ, ಚೀಲ ಕೂಡ ಬೇಡ. ಇದು ಹಡಗಿನ ಡ್ರೆಸ್ ಕೋಡ್ ಅಲ್ಲ, ಆ ದೇಶಗಳ ಕಾನೂನು.

ಬೋಗಾದಿ: ಮುಂಬೈನಿಂದ ಲಕ್ಷದ್ವೀಪಕ್ಕೆ ಹೋಗುವ ಹಡಗಿಗೆ ಸೂಟ್ ಬೇಕಾ?

ಹೆಡ್‌ವೇಟರ್: ಬೇಡ.

ಜೆ.ಪಿ. ನಗರ ಮೈಸೂರು: ಅಣ್ಣ, ಜೀನ್ಸ್?

ಹೆಡ್‌ವೇಟರ್: ಹರಿದಿರಬಾರದು. ಫಾರ್ಮಲ್ ರಾತ್ರಿ ಬೇಡ.

ಇಲವಾಲ: ಸರ್ ಶಾರ್ಟ್ಸ್ ಹಾಕಬಹುದಾ?

ಹೆಡ್‌ವೇಟರ್: ಮೇಲೆ ಇದೆ.

ಟಿ.ಕೆ. ಲೇಔಟ್: ನಮ್ಮ ಷಡ್ಡಕ ಕಳಿಸಿದ್ದು, ಶುಗರ್ ಇರುವವರು ಶೂ ಒಳಗೆ ಬೇವಿನ ಸೊಪ್ಪು ಇಟ್ಟರೆ ಹುಣ್ಣು ಬರಲ್ವಂತೆ. ಮಂಡ್ಯದವರು ಪ್ರಯತ್ನಿಸಬಹುದು.

ಹೆಡ್‌ವೇಟರ್: ದಯವಿಟ್ಟು ಬೇಡ. ಸ್ಪರ್ಶ ಇಲ್ಲದ ಕಾಲಿನ ಕೆಳಗೆ ಎಲೆ, ಕಡ್ಡಿ, ಏನು ಇಟ್ಟರೂ ಅದೇ ಗಾಯ ಮಾಡುತ್ತೆ. ಈ ತರಹದ್ದು ಕಳಿಸುವವರು ಆಸ್ಪತ್ರೆ ಬಿಲ್ಲು ಬಂದಾಗ ಕಟ್ಟುವುದಿಲ್ಲ. ಅಡ್ಮಿನ್, ಇದನ್ನು ಡಿಲೀಟ್ ಮಾಡಿ.

ಟಿ.ಕೆ. ಲೇಔಟ್: ಎಂಜಲು ತಟ್ಟೆ ಎತ್ತಿದವರು ಡಾಕ್ಟರಿಕೆ ಹೇಳಿಕೊಡೋದು ನೋಡಿ.

ಕುವೆಂಪುನಗರ ಹುಡುಗ: ಹಾಗೆಲ್ಲ ಮಾತಾಡಬೇಡಿ ಸ್ವಾಮಿ. ಪುಕ್ಕಟೆ ಸಲಹೆ ಕೊಡ್ತಿದ್ದಾರೆ.

ರಿಟೈರ್ಡ್ ಮೇಷ್ಟ್ರು: ಈ ವಿಷಯದಲ್ಲಿ ಹುಡುಗ ಹೇಳಿದ್ದು ಸರಿ.

ಮದ್ದೂರು ವಡೆ: ಮೊಸರನ್ನದ ಬಗ್ಗೆ ಯಾರಾದರೂ ಹೇಳಿ.

ನಂಜನಗೂಡು: ಸರ್, ನನ್ನ ಅಕ್ಕನ ಮಗ ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿದ್ದಾನೆ. ಹಡಗಿನಲ್ಲಿ ಕೆಲಸ ಕೊಡಿಸಬಹುದಾ?

ಅಡ್ಮಿನ್: ಬೇವಿನ ಮೆಸೇಜು, ಎಂಜಲು ತಟ್ಟೆಯ ಮಾತು ಎರಡನ್ನೂ ತೆಗೆಯುತ್ತಿದ್ದೇನೆ. ಟಿ.ಕೆ. ಲೇಔಟ್ ಅವರು ಒಂದು ವಾರ ಓದಬಹುದು, ಬರೆಯುವಂತಿಲ್ಲ. ಹೊಸ ಪ್ರಶ್ನೆ ಇವತ್ತಿಗೆ ಸಾಕು.

ಮಂಡ್ಯದ ಮಗಳು: ಅಡ್ಮಿನ್, ಕ್ಷಮಿಸಿ, ಒಂದೇ ಒಂದು. ಸರ್, ಪಂಚೆ ನಡೆಯುತ್ತೆ ಅಂತ ಓದಿ ಹೇಳಿದೆ. ಹಾಗಾದರೆ ಮೈಸೂರು ಪೇಟಾನೂ ಬೇಕು ಅಂತ ಅಪ್ಪ ಕೂತಿದ್ದಾರೆ. ಹಾಲ್‌ನೊಳಗೆ ಟೋಪಿ ತೆಗೆಸ್ತಾರೆ ಅಂತ ತಮ್ಮ ಹೇಳ್ತಿದ್ದಾನೆ.

ಹೆಡ್‌ವೇಟರ್: ತೆಗೆಸುವುದು ಕ್ರಿಕೆಟ್ ಕ್ಯಾಪಿನಂಥದ್ದನ್ನು. ಪೇಟ ಉಡುಪಿನ ಭಾಗ, ಫೋಟೋದಲ್ಲಿ ಅದೂ ಇರಲಿ. ಕಟ್ಟಿ ಹೊಲಿದ ಪೇಟವನ್ನೇ ತಗೊಳ್ಳಿ, ಅಲ್ಲಿ ಕಟ್ಟಿಕೊಡುವವರು ಸಿಗುವುದಿಲ್ಲ. ದೊಡ್ಡ ಪೆಟ್ಟಿಗೆಯಲ್ಲಿ ಹಾಕಿದರೆ ಸೊಟ್ಟಗಾಗುತ್ತೆ, ಒಳಗೆ ಟವೆಲ್ ತುರುಕಿ ಡಬ್ಬದಲ್ಲಿಟ್ಟು ಕೈಯಲ್ಲೇ ಒಯ್ಯಿರಿ. ಡಾಕ್ಟರ್ ಏನು ಹೇಳಿದರು ಅಂತ ನಾಳೆ ನನಗೆ ಬೇರೆ ಮೆಸೇಜ್ ಹಾಕಿ. ಗ್ರೂಪಿನಲ್ಲಿ ಬೇಡ.